ಬದುಕಿದವರು ಬಾಯಿ ಬಿಡುವುದಿಲ್ಲ

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಬಹಳ ಜನರಿಗೆ ಭಯವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಇವತ್ತೂ ಬಂದಿದೆ. ಶಿವಮೊಗ್ಗದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದೇನೆ. ಪಕ್ಕದಲ್ಲಿ ಚಿಕ್ಕಮ್ಮ ಸರೋಜ. ಒಳಗೆ ಡಾಕ್ಟರ ಮುಂದೆ ಅವಳ ನೆರೆಮನೆಯ ಗಿರಿಜಕ್ಕ. ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ, ಅದರಲ್ಲಿ ನನಗೂ ಒಂದು ಪಾಲಿದೆ.

ಬಹಳ ವರ್ಷಗಳ ಹಿಂದೆ ಇಂಥದ್ದೇ ವಾಸನೆಯ ನಡುವೆ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಎಂದರು ಡಾಕ್ಟರು. ಒಂದು ಸ್ತನ ತೆಗೆದರು, ಕಿಮೋ ಕೊಟ್ಟರು. ಉದುರಿದ ಕೂದಲು ಮೊದಲಿಗಿಂತ ಗುಂಗುರಾಗಿ ಮತ್ತೆ ಬಂತು. ಅವಳು ಉಳಿದಳು. ಆದರೆ ಅವಳು ಇನ್ನೂ ಆಪರೇಷನ್ ಥಿಯೇಟರಿನೊಳಗೆ ಇರುವಾಗಲೇ ಚಿಕ್ಕಪ್ಪ ನಮ್ಮನ್ನೆಲ್ಲ ಮೂಲೆಗೆ ಕರೆದು, "ಯಾರಾದ್ರೂ ಕೇಳಿದ್ರೆ ಗರ್ಭಕೋಶದ ಆಪರೇಷನ್ ಅನ್ನಿ. ಮಗಳಿಗೆ ಗಂಡು ನೋಡ್ತಿದೀವಿ" ಎಂದರು.

ಗರ್ಭಕೋಶ ನಮ್ಮ ಕಡೆ ಬಲು ಮರ್ಯಾದಸ್ತ ಅಂಗ. ತೆಗೆಸಿಕೊಂಡರೆ ನೋಡಲು ಬರುವವರು ಮೂಸಂಬಿ, ಬ್ರೆಡ್ಡು ತರುತ್ತಾರೆ, ತಮ್ಮದನ್ನು ತೆಗೆಸಿದ ಕಥೆಯನ್ನೂ ಹೇಳಿ ಹೋಗುತ್ತಾರೆ. ಭದ್ರಾವತಿಯ ಕಾಗದನಗರದ ಅಷ್ಟೂ ಕ್ವಾರ್ಟರ್ಸಿಗೆ ಚಿಕ್ಕಮ್ಮನ ಗರ್ಭಕೋಶದ ಸುದ್ದಿ ತಲುಪಿತು. ಮತ್ತೆ ತಲೆಗೂದಲು? ಅದು ಅನಸ್ತೇಶಿಯಾದ ಹೀಟಿಗೆ ಉದುರಿದ್ದು ಎಂದು ವಿವರಣೆ ಕೊಟ್ಟವಳು ನಾನೇ. ಬಿ.ಎಸ್ಸಿ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ? ಮಗಳ ಮದುವೆಯಾಯಿತು, ಮೊಮ್ಮಗಳು ಹುಟ್ಟಿದಳು. ಇನ್ನಾದರೂ ನಿಜ ಹೇಳೋಣವೆಂದರೆ ಚಿಕ್ಕಪ್ಪ, "ಅವಳೂ ನಾಳೆ ಮದುವೆಗೆ ಬರ್ತಾಳಲ್ಲ" ಎಂದುಬಿಟ್ಟರು. ಮೊಮ್ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು.

ಇದೇ ಕಾಯಿಲೆಯಿಂದ ಸತ್ತವರ ವಿಷಯದಲ್ಲಿ ಮಾತ್ರ ಯಾವ ಗುಟ್ಟೂ ಇಲ್ಲ. ನಿಮ್ಮ ಬೀದಿಯನ್ನೇ ನೆನಪಿಸಿಕೊಳ್ಳಿ. ತಡವಾಗಿ ತೋರಿಸಿ ತೀರಿಹೋದವಳ ಹೆಸರು ನಿಮಗೆ ತಕ್ಷಣ ಹೊಳೆಯುತ್ತದೆ. ಬೇಗ ತೋರಿಸಿ ಬದುಕಿದವಳು ಪಕ್ಕದ ಮನೆಯಲ್ಲೇ ಹಪ್ಪಳ ಒತ್ತುತ್ತಿರಬಹುದು, ನಿಮಗೆ ಗೊತ್ತಿರುವುದಿಲ್ಲ. ಬದುಕಿದವರೆಲ್ಲ ಗರ್ಭಕೋಶದವರಾದರೆ ಕ್ಯಾನ್ಸರಿನ ಪಾಲಿಗೆ ಹೆಣಗಳಷ್ಟೇ ಉಳಿಯುತ್ತವೆ. ಆಮೇಲೆ ಹೆಂಗಸರು ಆಸ್ಪತ್ರೆಗೆ ಹೆದರುತ್ತಾರಪ್ಪ ಎಂದು ಬೈಯುವವರೂ ನಾವೇ.

ಕಳೆದ ತಿಂಗಳು ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೂತಿದ್ದಾಗ ಗಿರಿಜಕ್ಕ ತಮ್ಮ ಎದೆಯಲ್ಲೊಂದು ಗಂಟಿದೆ ಎಂದರು. ಯುಗಾದಿಯಿಂದಲೂ ಇದೆಯಂತೆ. ಗಂಟು ಕರಗಲೆಂದು ಹರಳೆಲೆ ಬಿಸಿ ಮಾಡಿ ಕಟ್ಟುತ್ತಿದ್ದರಂತೆ! ನಾಳೆಯೇ ಡಾಕ್ಟರಿಗೆ ತೋರಿಸೋಣವೆಂದೆ.

"ತೋರ್ಸಿ ಏನ್ ಮಾಡ್ಲಿ? ಆ ಕಾಯಿಲೆ ಬಂದು ಉಳಿದವರು ಒಬ್ಬರನ್ನ ಹೇಳು ಮಾರಾಯ್ತಿ. ಕೊಯ್ಸ್ಕೊಂಡು ಸಾಯೋದಕ್ಕಿಂತ ಹಿಂಗೇ ಸಾಯ್ತೀನಿ."

ನಾನು ಚಿಕ್ಕಮ್ಮನ ಮುಖ ನೋಡಿದೆ. ಅವಳು ಒಲೆ ಆರಿಸಿದಳು. "ನಾನಿದೀನಲ್ಲ ಗಿರಿಜಾ. ನಂಗೂ ಅದೇ ಆಗಿದ್ದು."

ಗಿರಿಜಕ್ಕ ನಕ್ಕುಬಿಟ್ಟರು. "ಸಮಾಧಾನಕ್ಕೆ ಏನೇನೋ ಹೇಳ್ಬೇಡಿ ಸರೋಜಕ್ಕ. ನಿಮ್ದು ಗರ್ಭಕೋಶದ್ದು. ನಾನೇ ಮೂಸಂಬಿ ತಂದಿದ್ನಲ್ಲ!"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾವು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆವು. ಚಿಕ್ಕಮ್ಮ ವಾದಕ್ಕೆ ನಿಲ್ಲಲಿಲ್ಲ. ಗಿರಿಜಕ್ಕನ ಕೈ ಹಿಡಿದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಚಿಕ್ಕಮ್ಮ ರವಿಕೆಯ ಕೊನೆಯ ಗುಂಡಿ ಹಾಕಿಕೊಳ್ಳುತ್ತಿದ್ದಳು, ಗಿರಿಜಕ್ಕನ ಮುಖ ಬಿಳಿಚಿತ್ತು. "ಶಿವಮೊಗ್ಗಕ್ಕೆ ನೀವೂ ಬರ್ತೀರಾ?" ಎಂದಷ್ಟೇ ಕೇಳಿದರು.

ಅದಕ್ಕೇ ನಾವು ಇಲ್ಲಿರುವುದು. ಕಳೆದ ವಾರ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಇವತ್ತು ರಿಪೋರ್ಟು. ಈಗ ತಾನೇ ಬಾಗಿಲು ತೆರೆದು ಗಿರಿಜಕ್ಕ ಹೊರಬಂದರು. ಕ್ಯಾನ್ಸರೇ. ಇನ್ನೂ ಮೊದಲೇ ಬರಬೇಕಿತ್ತು, ಆದರೂ ಕೈ ಮೀರಿಲ್ಲ, ಚಿಕಿತ್ಸೆ ಶುರು ಮಾಡೋಣ ಎಂದಿದ್ದಾರೆ ಡಾಕ್ಟರು. ಗಿರಿಜಕ್ಕ ಕಣ್ಣೊರೆಸಿಕೊಂಡು, ಆಚೀಚೆ ನೋಡಿ, ಚಿಕ್ಕಮ್ಮನ ಕಿವಿಯ ಹತ್ತಿರ ಬಗ್ಗಿದರು.

"ಸರೋಜಕ್ಕ, ಯಾರಾದ್ರೂ ಕೇಳಿದ್ರೆ ಗರ್ಭಕೋಶದ್ದು ಅನ್ನಿ. ಮಗಳಿಗೆ ಗಂಡು ನೋಡ್ತಿದೀವಿ."

ನಾನು ಸಿಡಿಯಬೇಕು, ಅಷ್ಟರಲ್ಲಿ ಚಿಕ್ಕಮ್ಮ ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದಳು: "ನಿಂದು ನಿನ್ನಿಷ್ಟ. ನಂದಂತೂ ಎದೆದು, ಕ್ಯಾನ್ಸರ್. ಇನ್ಮೇಲೆ ಯಾರ್ ಕೇಳಿದ್ರೂ ಅದೇ ಹೇಳ್ತೀನಿ. ನನ್ನ ಸುಳ್ಳು ನಂಬ್ಕೊಂಡು ನೀನು ಸಾಯಕ್ಕೆ ಕೂತಿದ್ಯಲ್ಲ!"

ಎದುರು ಬೆಂಚಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದ, ನಮಗೆ ಪರಿಚಯವೇ ಇಲ್ಲದ ಹೆಂಗಸೊಬ್ಬಳು ಎದ್ದು ಬಂದಳು.

"ಅಕ್ಕ, ನಿಮಗೆ ಆಗಿ ಎಷ್ಟು ವರ್ಷ ಆಯ್ತು?"

ಚಿಕ್ಕಮ್ಮ ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟಳು. ಭದ್ರಾವತಿಯ ಬಸ್ಸಿಗೆ ಹೊತ್ತಾಗಿದೆ. ಹೋದರೆ ಹೋಗಲಿ.