ಸಾಯ್ರಾಕಾನಳ ಪೆಟ್ಟಿಗೆಯ ಬಿಳಿ ಬಟ್ಟೆ

ನರಿನ್ ಹೊಳೆಯ ದಂಡೆಯ ನಮ್ಮ ಕಲಾಶಾಲೆಯಲ್ಲಿ ಸಾಯ್ರಾಕಾನ್ ಮೂವತ್ತು ವರ್ಷ ಹೊಲಿಗೆ ಕೋಣೆ ಗುಡಿಸಿದಳು. ಅಲ್ಲಿ ಪಾಠ ಹೇಳುತ್ತಿದ್ದವಳು ನಾನು. ಮಕ್ಕಳು ಕಲಿತದ್ದು ಅವಳಿಂದ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ತುಂಬು ಬಾಳು ಬಾಳಿದವರು ಸತ್ತರೆ ನಮ್ಮಲ್ಲಿ ಹೊಸ ಬಟ್ಟೆ ಹರಿದು, ಬಂದವರಿಗೆಲ್ಲ ಒಂದೊಂದು ತುಂಡು ಕೊಡುತ್ತಾರೆ. ಅದೇ ಜಿರ್ತಿಶ್. ಸತ್ತವರ ಆಯುಸ್ಸು ಪಡೆದವರಿಗೂ ಬರಲಿ ಎಂಬ ಹಾರೈಕೆ. ಸಾಯ್ರಾಕಾನ್ ಯಾವ ಸಾವಿನ ಮನೆಗೂ ಹೋಗದೆ ಉಳಿದವಳಲ್ಲ. ಅವಳ ಬಳಿ ಒಂದು ಚೀಲ ತುಂಡುಗಳಿದ್ದವು.

"ಇದು ಬಡಗಿ ಮುದುಕಂದು. ಸತ್ರೂ ಜಿಪುಣತನ ಬಿಡ್ಲಿಲ್ಲ ನೋಡು, ಬಟ್ಟೆ ಅಂಗೈಯಷ್ಟೇ!" ಎಂದು ಒಂದನ್ನು ಎತ್ತಿ ತೋರಿಸಿ ನಗುತ್ತಿದ್ದಳು.

ಆ ವರ್ಷ ಕೊನೆಯ ತರಗತಿಗೆ ನಾನು ಕೊಟ್ಟ ವಿಷಯ 'ನೆನಪು'. ಐಜಿರೆಕ್ ಎಂಬ ಹುಡುಗಿ ಮನೆಯಲ್ಲಿದ್ದ ಜಿರ್ತಿಶ್‌ಗಳನ್ನೆಲ್ಲ ಕೂಡಿಸಿ ಕೌದಿ ಹೊಲಿದಳು. ನಡುವೆ ಮಾತ್ರ ಅಂಗೈಯಗಲ ಖಾಲಿ. ಅದು ತಾಯಿಯ ಜಾಗ. ತಾಯಿ ಸತ್ತಾಗ ಮೂವತ್ತೊಂದು ವರ್ಷ. ಅಂಥ ಸಾವಿಗೆ ಬಟ್ಟೆ ಹರಿಯುವುದಿಲ್ಲ. ಆ ಆಯುಸ್ಸು ಯಾರಿಗೆ ಬೇಕು?

ಮರುದಿನವೇ ಪರೀಕ್ಷಕರು ಬರುವವರಿದ್ದರು. "ಯಾವ್ದಾದ್ರೂ ಕೆಂಪು ಚೂರು ಹಾಕಿ ಮುಚ್ಚು. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ನಂಗ್ ಗೊತ್ತಾಗುತ್ತಲ್ಲ ಟೀಚರ್," ಹುಡುಗಿ ಅತ್ತುಬಿಟ್ಟಳು. "ಎಲ್ರಿಗೂ ಒಂದೊಂದು ತುಂಡಿದೆ. ನಮ್ಮಮ್ಮಂಗೇ ಇಲ್ಲ."

ಸಾಯ್ರಾಕಾನ್ ಪೊರಕೆ ಗೋಡೆಗೊರಗಿಸಿ ಮನೆಗೆ ಹೋದಳು. ಬರುವಾಗ ಕಂಕುಳಲ್ಲಿ ಮಡಿಚಿದ ಬಿಳಿ ಬಟ್ಟೆ. ತನ್ನ ಸಾವಿನ ದಿನ ಹರಿದು ಹಂಚಲೆಂದು ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟದ್ದು! ನಾನು ಅಡ್ಡ ಬಂದೆ.

"ನಿಂಗೇನು ಹುಚ್ಚಾ? ಬದುಕಿರೋವಾಗ ಹರೀತಾರಾ? ಅಪಶಕುನ ಕಣಮ್ಮಾ!"

"ಎಪ್ಪತ್ತಾರಾಯ್ತು. ಇನ್ಯಾವ ಶಕುನ? ನೀನು ಸುಮ್ನಿರು." ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಮೂಲೆ ಹರಿದಳು. "ತಗೋ ಮಗಾ. ನಿಮ್ಮಮ್ಮ ಬದುಕದೇ ಬಿಟ್ಟ ವರ್ಷಗಳ್ನ ನಾನು ಬದುಕಿದೀನಿ. ಇದ್ರಲ್ಲಿ ಅವಳ ಪಾಲೂ ಇದೆ."

ಬಣ್ಣಗಳ ನಡುವೆ ಬಿಳಿ ಹೊಂದುವುದಿಲ್ಲವೆಂದು ಪರೀಕ್ಷಕರು ಅಂಕ ಕಳೆದರು. ಐಜಿರೆಕ್ ತಲೆಕೆಡಿಸಿಕೊಳ್ಳಲಿಲ್ಲ. ನಾನು ಮಾತ್ರ ಬಹಳ ದಿನ ಸಾಯ್ರಾಕಾನಳ ಮುಖ ನೋಡಲು ನಾಚಿದೆ.

ಎರಡು ಚಳಿಗಾಲ ಕಳೆದ ಮೇಲೆ ಅವಳು ತೀರಿಕೊಂಡಳು. ಹರಿಯಲು ಕೂತ ಹೆಂಗಸರು ಆ ಬಟ್ಟೆ ಬಿಡಿಸಿ, "ಅಯ್ಯೋ, ಮೂಲೇನ ಇಲಿ ತಿಂದ್ಬಿಟ್ಟಿದೆ," ಎಂದರು. ಪಕ್ಕದಲ್ಲಿದ್ದ ಐಜಿರೆಕ್ ನನ್ನ ಕೈ ಹಿಡಿದುಕೊಂಡಳು.

"ಇಲಿಯಲ್ಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಮೊದಲ ತುಂಡು ಈ ಹುಡುಗಿ ಅಮ್ಮಂಗೆ ಹೋಗಿದೆ. ಅಲ್ಲಿಂದ ಮುಂದಕ್ಕೆ ಹರೀರಿ."