ಬಕೆಟ್ ಗುರುತಿನ ಓನರಮ್ಮ

ಕಳೆದ ವಾರ ಹಾಸನದಲ್ಲಿ, ನಾನು ಕೆಲಸ ಮಾಡುವ ಲ್ಯಾಬಿನ ಎದುರು ಗೋಡೆಗೆ ಯಾರೋ ಪೋಸ್ಟರ್ ಅಂಟಿಸುತ್ತಿದ್ದರು. ಮೈದಾ ಹಿಟ್ಟಿಗೆ ಮೈಲುತುತ್ತ ಹಾಕಿ ಕಾಯಿಸಿದ ಅಂಟಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಕೆಲಸ ಹಾಗೇ ನಿಂತಿತು. ಅರಸೀಕೆರೆಯ ಆ ಹಿತ್ತಲು, ದೊಡ್ಡ ಪಾತ್ರೆಯಲ್ಲಿ ಅಂಟು ತಿರುವುತ್ತ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಗುತ್ತಿದ್ದ ನಮ್ಮ ಓನರಮ್ಮ...

ಅರಸೀಕೆರೆಯ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನಾನು ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಕೆಳಗಿನ ಮುಂಗೋಣೆಯ ಬಾಗಿಲ ಮೇಲೆ ಒಂದು ಬೋರ್ಡಿತ್ತು. ಅದೊಂದು ಪಕ್ಷದ ರಾಜ್ಯ ಕಚೇರಿ! ಒಳಗೆ ನಾಲ್ಕು ಕುರ್ಚಿ, ಒಂದು ಮೇಜು, ಮೂಲೆಯಲ್ಲಿ ಅವರ ಹೊಲಿಗೆ ಮಿಷನ್ನು. ಊರೂರಿನ ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ನೀರಿರುವ ಶೌಚಾಲಯ ಬೇಕು ಎಂದು ಶುರುವಾದ ಪಕ್ಷ ಅದು. ಬಾಣಾವರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರ ಅಫಿಡವಿಟ್ಟನ್ನೂ ಹಿಡಿದು ಓಡಾಡಿ, ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಿದ್ದರಂತೆ. ಹೊಸದರಲ್ಲಿ ಒಬ್ಬರನ್ನು ಚುನಾವಣೆಗೆ ನಿಲ್ಲಿಸಿದ್ದರು. ಆಮೇಲೆ ಎಲ್ಲ ತಣ್ಣಗಾಗಿತ್ತು.

ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಓನರಮ್ಮ ಪೇಪರ್ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಹೆಸರಿಗೆ ಮಾತ್ರ ಇರುವ ಪಕ್ಷಗಳನ್ನು ಆಯೋಗ ಪಟ್ಟಿಯಿಂದ ತೆಗೆಯುತ್ತಿದೆ ಎಂಬ ಸುದ್ದಿ ಅದರಲ್ಲಿತ್ತು. ಆರು ವರ್ಷ ಒಂದು ಚುನಾವಣೆಗೂ ನಿಲ್ಲದಿದ್ದರೆ ಪಕ್ಷದ ಹೆಸರು ಉಳಿಯುವುದಿಲ್ಲ. ಇವರ ಆರು ವರ್ಷ ಮುಗಿಯುತ್ತ ಬಂದಿತ್ತು. ವಿಧಾನಸಭೆ ಚುನಾವಣೆಯೂ ಹತ್ತಿರದಲ್ಲೇ ಇತ್ತು.

ಹೋದರೆ ಹೋಗಲಿ ಬಿಡಿ, ಬೇಕಾದರೆ ಪಕ್ಷೇತರರಾಗಿ ನಿಲ್ಲಿ ಎಂದೆ. ಅವರು ನನ್ನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದರು.

"ಪಕ್ಷೇತರ ಅಂದ್ರೆ ಎಲೆಕ್ಷನ್ ಮುಗಿದ ದಿನಾನೇ ಕತೆ ಮುಗೀತೈತೆ ಕಣಮ್ಮ. ಪಕ್ಷ ಹಂಗಲ್ಲ. ನಾನಿಲ್ದಿದ್ರೂ ಇನ್ನೊಬ್ಬಳು ಬಂದು ಇದೇ ಮಾತು ಕೇಳ್ತಾಳೆ."

ಅರಸೀಕೆರೆಯಲ್ಲಿ ನಿಲ್ಲುವುದಕ್ಕೆ ಅವರ ಮೈದುನ ಅಡ್ಡ ಬಂದರು. ಅವರು ದೊಡ್ಡ ಪಕ್ಷವೊಂದಕ್ಕೆ ದುಡಿಯುತ್ತಿದ್ದವರು. ಅತ್ತಿಗೆಯೇ ಎದುರು ನಿಂತರೆ ತಲೆ ಎತ್ತಿಕೊಂಡು ಓಡಾಡುವುದು ಹೇಗೆ ಎಂದು ಗೋಳಾಡಿದರು. ಓನರಮ್ಮ ಜಗಳವಾಡಲಿಲ್ಲ. ತವರು ಗೆಂಡೆಹಳ್ಳಿ ಇರುವುದು ಬೇಲೂರು ಕ್ಷೇತ್ರದಲ್ಲಿ; ಅಲ್ಲೇ ನಿಲ್ಲುತ್ತೇನೆ ಅಂದುಬಿಟ್ಟರು. ತಾವೇ ಅಧ್ಯಕ್ಷೆ, ತಾವೇ ಅಭ್ಯರ್ಥಿ. ತಮಗೆ ತಾವೇ ಟಿಕೆಟ್ ಕೊಟ್ಟುಕೊಂಡ ದಿನ ಹೋಳಿಗೆ ಮಾಡಿ ನನಗೂ ಬಡಿಸಿದರು.

ನಾಮಪತ್ರದ ಕೊನೆಯ ದಿನ ನಾನು ರಜೆ ಹಾಕಿ ಅವರ ಜೊತೆ ಬೇಲೂರಿಗೆ ಹೋದೆ. ನೋಂದಣಿ ಮಾತ್ರ ಇರುವ ಸಣ್ಣ ಪಕ್ಷದ ಅಭ್ಯರ್ಥಿಗೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಗೆಂಡೆಹಳ್ಳಿಯ ನೆಂಟರು, ಗೆಳತಿಯರು ಸೇರಿ ಹತ್ತು ಜನ ಸಹಿ ಹಾಕಿದ್ದರು. ತಾಲ್ಲೂಕು ಕಚೇರಿಯಲ್ಲಿ ಕಾಗದ ಪರಿಶೀಲಿಸುತ್ತಿದ್ದ ಹುಡುಗಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಅವರು ಮದುವೆಯಾಗಿ ಹೋದ ಮೇಲೆ ಹೆಸರು ಬೇರೆ ಕ್ಷೇತ್ರದ ಪಟ್ಟಿಗೆ ಹೋಗಿದೆ, ಇದು ನಡೆಯುವುದಿಲ್ಲ ಅಂದಳು. ಆಗ ಎರಡು ಗಂಟೆ ದಾಟಿತ್ತು. ಮೂರಕ್ಕೆ ಬಾಗಿಲು ಹಾಕುತ್ತಾರೆ. ಗೆಂಡೆಹಳ್ಳಿಗೆ ಹೋಗಿ ಬರಲು ಸಮಯವೆಲ್ಲಿ?

ಓನರಮ್ಮ ಚಪ್ಪಲಿ ಕೈಗೆ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ಓಡಿದರು, ಹಿಂದೆ ನಾನು. ಅಲ್ಲಿ ಕಂಡಕಂಡ ಹೆಂಗಸರನ್ನೆಲ್ಲ ನಿಮ್ಮದು ಯಾವೂರು ಎಂದು ಕೇಳತೊಡಗಿದರು. ಕೆಲವರು ಮುಖ ತಿರುಗಿಸಿದರು. ಎಲೆಕ್ಷನ್ನಿನ ಸಹವಾಸ ಬೇಡವೆಂದು ಇಬ್ಬರು ಎದ್ದೇ ಹೋದರು. ಬಿಕ್ಕೋಡಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ, ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬಾಕೆ ಮಾತ್ರ ನಿಂತು ಕೇಳಿಸಿಕೊಂಡರು. ಯಾವ ಪಕ್ಷ, ಏನು ಕೇಳುತ್ತೀರಿ ಅಂದರು. ಓನರಮ್ಮ ಏದುಸಿರಿನಲ್ಲೇ ಹೇಳಿದರು. ಡ್ರೈವರ್ ಹಾರ್ನ್ ಹಾಕುತ್ತಿದ್ದ.

ಆಕೆ ಕಾಲು ಕೆಳಗಿಳಿಸಿದರು. "ಬಸ್ಸಲ್ಲಿ ಹೋಗೋ ದಿನ ನಾನು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಕಣಕ್ಕ. ಕುಡಿದ್ರೆ ದಾರೀಲಿ ಎಲ್ಲಿಗೆ ಹೋಗದು? ನಡೀರಿ, ಎಲ್ಲಿ ಹಾಕಬೇಕು ಸೈನು?"

ಬಸ್ಸು ಹೊರಟುಹೋಯಿತು. ಆಕೆಯ ಪರ್ಸಿನಲ್ಲಿ ವೋಟರ್ ಕಾರ್ಡಿತ್ತು. ನಡೆಯುತ್ತಲೇ ನನ್ನ ಮೊಬೈಲಿನಲ್ಲಿ ಪಟ್ಟಿಯ ಕ್ರಮಸಂಖ್ಯೆ ಹುಡುಕಿದೆ. ಕಚೇರಿಯ ಮೆಟ್ಟಿಲ ಮೇಲೆ ಕೂತು, ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಆಕೆ ಸಹಿ ಮಾಡುತ್ತಿದ್ದರೆ ನಾನು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದೆ. ಬಾಗಿಲು ಹಾಕುವ ಮೊದಲೇ ಓನರಮ್ಮ ಒಳಗೆ ಹೋದರು. ಹೊರಗೆ ಬಂದವರು ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡರು...

ಗುರುತು ಬಕೆಟ್ ಸಿಕ್ಕಿತು. ಅದಕ್ಕಿಂತ ಒಪ್ಪುವ ಗುರುತು ಇನ್ನೊಂದಿರಲಿಲ್ಲ. ನನ್ನ ರಜೆಯ ದಿನಗಳೆಲ್ಲ ಬಾಡಿಗೆ ಜೀಪಿನಲ್ಲೇ ಕಳೆದವು. ಹಳೇಬೀಡಿನ ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ತಮಟೆಯಂತೆ ಬಾರಿಸಿದೆವು. ಗಂಡಸರು ನಕ್ಕರು. ಹೆಂಗಸರೂ ಮೊದಲು ನಕ್ಕರು, ಆಮೇಲೆ ಹತ್ತಿರ ಬಂದರು. ಸೊಪ್ಪು ಮಾರುವ ಅಜ್ಜಿಯೊಬ್ಬರು ಬಕೆಟ್ ಕಿತ್ತುಕೊಂಡು ತಾವೇ ಬಾರಿಸಿದರು. ಅಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಎಣಿಕೆಯ ದಿನ ಠೇವಣಿ ಹೋಯಿತು. ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ ಓನರಮ್ಮ ಮೈಸೂರು ಪಾಕಿನ ಡಬ್ಬಿ ತೆರೆದು ಎದುರಿಗೆ ಸಿಕ್ಕವರಿಗೆಲ್ಲ ಹಂಚುತ್ತಿದ್ದರು. ಗೆದ್ದವರ ಕಡೆಯ ಏಜೆಂಟನೊಬ್ಬ, ಸೋತೂ ಸಿಹಿ ಹಂಚುತ್ತೀರಲ್ಲ ಎಂದು ಬೆರಗಿನಿಂದ ಕೇಳಿದ.

"ನಾನು ಸೋತಿದ್ದು ಕಣಪ್ಪ, ಪಕ್ಷ ಉಳೀತು," ಅಂದರು. "ತಗೋ, ನೀನೂ ತಿನ್ನು."

ಮಾರನೆಯ ವರ್ಷ ನನಗೆ ಹಾಸನದಲ್ಲಿ ಕೆಲಸವಾಯಿತು. ಅದಾಗಿ ಕೆಲವೇ ತಿಂಗಳಿಗೆ ಅವರು ತೀರಿಕೊಂಡರು. ಹೃದಯಾಘಾತ. ಹೊಲಿಗೆ ಮಿಷನ್ನಿನ ಮುಂದೆಯೇ ಅಂತೆ... ಹದಿಮೂರನೆಯ ದಿನ ಬಾಣಾವರದ ಹೆಂಗಸರೆಲ್ಲ ಬಂದಿದ್ದರು. ಹೊಸ ಅಧ್ಯಕ್ಷೆಯನ್ನು ಆರಿಸಿ ಆಯೋಗಕ್ಕೆ ತಿಳಿಸಬೇಕು, ವರ್ಷ ವರ್ಷ ಲೆಕ್ಕಪತ್ರ ಕಳಿಸಬೇಕು ಎಂಬ ಮಾತೂ ಬಂತು. ಆದರೆ ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಲೆಕ್ಕಪತ್ರವನ್ನೂ ಯಾರೂ ಕಳಿಸಲಿಲ್ಲ. ಮನೆ ಮಾರಾಟವಾಯಿತು. ಆಯೋಗದ ನೋಟಿಸು ಆ ವಿಳಾಸಕ್ಕೆ ಹೋಗಿ ಹಾಗೇ ವಾಪಸಾಗಿರಬೇಕು. ಮೊನ್ನೆ ಮೊಬೈಲಿನಲ್ಲಿ ನೋಡಿದೆ, ಪಟ್ಟಿಯಲ್ಲಿ ಹೆಸರಿಲ್ಲ. ಅವರು ಹೋದ ಸುದ್ದಿ ಬಂದ ದಿನಕ್ಕಿಂತ ಹೆಚ್ಚು ಅತ್ತೆ.

ಈ ಭಾನುವಾರ ತಡೆಯಲಾರದೆ ಅರಸೀಕೆರೆಗೆ ಹೋಗಿಬಂದೆ. ಬೋರ್ಡಿದ್ದ ಜಾಗದಲ್ಲಿ ಎರಡು ಮೊಳೆಯ ತೂತುಗಳು ಮಾತ್ರ ಇದ್ದವು. ಹೊಸದಾಗಿ ಬಂದಿರುವ ಮನೆಯಾಕೆ ಹೊರಬಂದು ಯಾರು ಬೇಕಿತ್ತು ಎಂದರು. ಇಲ್ಲೊಂದು ಪಕ್ಷದ ಆಫೀಸಿತ್ತು ಅಂದೆ. ಯಾವ ಪಕ್ಷ ಎಂದು ಕೇಳಿದರು. ಹೇಳತೊಡಗಿದೆ. ಸ್ವಲ್ಪ ಹೊತ್ತು ಬಾಗಿಲಿಗೆ ಒರಗಿ ಕೇಳಿದ ಆಕೆ, ಒಂದು ನಿಮಿಷ ಎಂದು ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದು, ನನಗೊಂದು ಕುರ್ಚಿ ಎಳೆದು ಹಾಕಿದರು.