ಬೇಲೂರಿನಿಂದ ತಂದ ಉಪ್ಪು ನೀರು

ಬೇಲೂರು ಬಿಟ್ಟ ಬೆಳಿಗ್ಗೆ ನನ್ನ ತೊಡೆಯ ಮೇಲೆ ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಒಳಗೆ ಎರಡು ಸಮುದ್ರದ ಮೀನು. ಕಿತ್ತಳೆ ಬಣ್ಣ, ಮೈಮೇಲೆ ಮೂರು ಬಿಳಿ ಪಟ್ಟೆ, ಹೆಬ್ಬೆರಳಿನಷ್ಟು ಉದ್ದ. ಅಕ್ಕನನ್ನೂ ನನ್ನನ್ನೂ ಬಿಟ್ಟರೆ ಅಮ್ಮನ ಕೈಯಿಂದ ತಿಂದು ಬೆಳೆದ ಜೀವಗಳೆಂದು ಉಳಿದಿದ್ದವು ಅವೆರಡೇ. ಅವನ್ನು ಜೀವಂತವಾಗಿ ಅರಸೀಕೆರೆಯ ಅಕ್ಕನ ಮನೆ ಮುಟ್ಟಿಸಬೇಕಿತ್ತು. ಮಿಕ್ಕ ಸಾಮಾನು ದಾರಿಯಲ್ಲಿ ಬಿದ್ದುಹೋದರೂ ನನಗೆ ಚಿಂತೆಯಿರಲಿಲ್ಲ.

ನಾನು ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲಿನ ಒಂದು ಲಾಡ್ಜ್‌ನವರು ಮುಂಭಾಗ ಹೊಸದು ಮಾಡುವಾಗ ತಮ್ಮ ಅಕ್ವೇರಿಯಂ ಬೇಡವೆಂದರು. ಸುಮ್ಮನಿರಲಾರದೆ ನಾನು ಹೊತ್ತು ತಂದೆ. ಮೀನು ತಿನ್ನದ ಮನೆಗೆ ಮೀನು ತಂದೆಯಲ್ಲೇ ಎಂದು ಅಮ್ಮ ಒಂದು ದಿನ ಮುಖ ಊದಿಸಿಕೊಂಡಿದ್ದಳು. ಎರಡನೆಯ ದಿನ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತಳು. ಆಮೇಲೆ ಇದ್ದ ಎರಡು ವರ್ಷವೂ ಅವಳ ಜಾಗ ಅದೇ. ಮೀನಿನ ಆಹಾರದ ಗುಳಿಗೆಗಳನ್ನು ಅವಳು ‘ಕಾಳು’ ಎನ್ನುತ್ತಿದ್ದಳು. ಅದರೊಳಗೇನಿದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಾಜು ಕುಟ್ಟಬೇಡ, ಮೀನು ಬೆದರುತ್ತವೆ ಎಂದು ನಾನು ಗದರಿದರೆ, “ನಾನೆಲ್ಲೇ ಕುಟ್ಟಿದೆ? ಬಳೆ ಕುಟ್ತು” ಎನ್ನುತ್ತಿದ್ದಳು. ಅಪ್ಪ ಹೋದ ಮೇಲೂ ಗಾಜಿನ ಬಳೆ ಬಿಡದ ಹೆಂಗಸು ಅವಳು. ಕಾಳು ಹಾಕುವಾಗ ಬಳೆ ತೊಟ್ಟಿಯ ಅಂಚಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಮೀನುಗಳು ಬೆದರುವ ಮಾತಿರಲಿ, ಕಲ್ಲಿನ ಸಂದಿಯಿಂದ ಓಡೋಡಿ ಬರುತ್ತಿದ್ದವು. ಬರೀ ಗಡಿಯಾರ ಕಟ್ಟುವ ನನ್ನ ಕೈಗೆ ಅವು ಎಂದೂ ಹಾಗೆ ಬಂದದ್ದಿಲ್ಲ.

ಅಮ್ಮ ಹೋಗಿ ವರ್ಷ ತುಂಬುವಷ್ಟರಲ್ಲಿ ನನಗೆ ಅರಸೀಕೆರೆಗೆ ವರ್ಗವಾಯಿತು. ಅಕ್ಕನದು ಅಲ್ಲಿ ಕೊಬ್ಬರಿ ವ್ಯಾಪಾರದ ಮನೆ; ಅಮ್ಮನಿದ್ದ ಕೊನೆಯ ಎರಡು ವರ್ಷ ಅದನ್ನು ಬಿಟ್ಟು ಅವಳು ಬೇಲೂರಿಗೆ ಬಂದಿರಲಿಲ್ಲ. ಕೆಳಗಿನ ಎರಡು ಕೋಣೆ ನನಗೆ ಬಿಟ್ಟುಕೊಟ್ಟಳು. ಮೀನನ್ನೂ ತಗೊಂಡು ಬಾ ಎಂದವಳೂ ಅವಳೇ. ಹಿಂದಿನ ಭಾನುವಾರ ಹೋಗಿ ತೊಟ್ಟಿಯ ಜಾಗ ಗೊತ್ತುಮಾಡಿದೆ. ಬಿಸಿಲು ಬೀಳದ ಗೋಡೆ, ಮಟ್ಟವಾದ ನೆಲ, ಸ್ವಿಚ್ ಬೋರ್ಡಿನಿಂದ ಆಚೆ. ಸಮುದ್ರದ ನೀರು ಮಾಡಲು ಬೇಕಾದ ವಿಶೇಷ ಉಪ್ಪಿನ ಚೀಲವನ್ನೂ ಒಂದು ಪುಟ್ಟ ಪಂಪನ್ನೂ ಅಲ್ಲೇ ಇಟ್ಟು ಬಂದೆ. ಹೊರಡುವ ಮುನ್ನಾದಿನ ಫೋನಿನಲ್ಲಿ ಹೇಳಿದೆ: “ಅಕ್ಕ, ಎರಡು ಡ್ರಮ್ ಉಪ್ಪು ನೀರು ರೆಡಿ ಮಾಡಿಡು. ಪಂಪ್ ಹಾಕಿ ತಿರುಗ್ತಾ ಇರ್ಲಿ.” ವಿಜ್ಞಾನದ ಟೀಚರ್ ಹೇಳಿದ್ದು ಇಷ್ಟೇ. ಇಷ್ಟೇ ಸಾಕೆಂದುಕೊಂಡಿದ್ದೆ.

ಹೊರಡುವ ದಿನ ಬೆಳಕು ಹರಿಯುವ ಮೊದಲೇ ಎದ್ದು ತೊಟ್ಟಿಯ ನೀರಿನಲ್ಲಿ ಅರ್ಧದಷ್ಟನ್ನು ಕೊಳವೆಯಿಂದ ಕ್ಯಾನುಗಳಿಗೆ ಇಳಿಸಿದೆ. ಕಲ್ಲುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿದೆ. ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಅವು ಒಣಗಿದರೆ ನೀರು ಕೆಡುತ್ತದೆ. ಖಾಲಿ ಗಾಜಿನ ತೊಟ್ಟಿಯನ್ನು ಹಾಸಿಗೆಯ ಮೇಲೆ ಮಲಗಿಸಿ ಟೆಂಪೊಗೆ ಏರಿಸಿದೆವು. ನೀರು ತುಂಬಿದ ತೊಟ್ಟಿಯನ್ನು ಎತ್ತುವುದು ಹುಚ್ಚುತನ, ತಳ ಬಿರಿಯುತ್ತದೆ.

ಟೆಂಪೊ ಓಡಿಸುತ್ತಿದ್ದ ಮಾದಿಹಳ್ಳಿಯವನು ನನ್ನ ತೊಡೆಯನ್ನೇ ನೋಡಿದ.

“ಏನೈತೆ ಮೇಡಂ ಅದ್ರಲ್ಲಿ?”

“ಮೀನು.”

“ತಿನ್ನಾಕಾ?”

“ಸಾಕೋಕೆ.”

“ಹಂಗಾರೆ ನಿಧಾನಕ್ಕೆ ಓಡಿಸ್ತೀನಿ ಬುಡಿ” ಎಂದ. ತಿನ್ನುವುದಾಗಿದ್ದರೆ ಹೇಗೆ ಓಡಿಸುತ್ತಿದ್ದನೋ.

ಮಂಜು ಇನ್ನೂ ಕರಗಿರಲಿಲ್ಲ. ತೆಂಗಿನ ತೋಟಗಳು ಕಾಂಡವಿಲ್ಲದೆ ಬರೀ ಗರಿಯಾಗಿ ತೇಲುತ್ತಿದ್ದವು. ಬಕೆಟ್ಟಿನೊಳಗೆ ನೀರು ತುಳುಕುವ ಸದ್ದು, ಬ್ಯಾಟರಿಯ ಗಾಳಿಪಂಪಿನ ಗೊರಗೊರ. ಆ ಸದ್ದಿಗೆ ಕಣ್ಣು ಎಳೆಯುತ್ತಿತ್ತು. ಹಳೇಬೀಡಿನ ಕೆರೆ ಬಂದಾಗ ನೀರು ಯಾವುದು, ಮಂಜು ಯಾವುದು ತಿಳಿಯಲಿಲ್ಲ. ಆ ಊರಿಗೆ ಹಿಂದೆ ದೋರಸಮುದ್ರ ಎಂದು ಹೆಸರು. ಕೆರೆಯನ್ನೇ ಸಮುದ್ರವೆಂದು ಕರೆದ ಜನ ನಾವು. ಅಮ್ಮ ಸಮುದ್ರ ನೋಡಿರಲಿಲ್ಲ. ತೊಟ್ಟಿ ನೋಡುತ್ತಾ, “ಇಷ್ಟು ನೋಡಿದ್ರೆ ಸಾಕು, ಮಿಕ್ಕಿದ್ದೂ ಇದೇ ತಾನೆ” ಎನ್ನುತ್ತಿದ್ದಳು. ಅರೆನಿದ್ದೆಯಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತು, ಮುಚ್ಚಳ ತೆಗಿ, ಉಸಿರುಗಟ್ಟುತ್ತೆ ಎಂದಂತಾಯಿತು. ಜಾವಗಲ್ ಸಂತೆಬೀದಿಯ ಗದ್ದಲಕ್ಕೆ ಎಚ್ಚರವಾದಾಗ ನನ್ನ ಎರಡೂ ಕೈ ಬಕೆಟ್ಟನ್ನು ತಬ್ಬಿಕೊಂಡಿದ್ದವು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹಜಾರದಲ್ಲಿ ಎರಡು ಡ್ರಮ್ ತುಂಬಿ ಪಂಪ್ ತಿರುಗುತ್ತಿತ್ತು. ನನಗೆ ಹೆಮ್ಮೆಯಾಯಿತು. ಟೇಬಲ್ಲನ್ನು ಮಟ್ಟ ನೋಡಿ, ತೊಟ್ಟಿ ಇಟ್ಟು, ಮರಳು ಹಾಸಿ, ಕಲ್ಲು ಜೋಡಿಸಿ, ಬೇಲೂರಿನ ನೀರು ಸುರಿದೆ. ಅರ್ಧ ತುಂಬಿತು. ಡ್ರಮ್ಮಿನ ನೀರಿಗೆ ಉಪ್ಪಳೆಯುವ ತೇಲುಗಡ್ಡಿ ಬಿಟ್ಟೆ. ಅದು ಸೀದಾ ತಳ ಸೇರಿತು. ಬೆರಳು ಅದ್ದಿ ನಾಲಿಗೆಗಿಟ್ಟೆ. ಸಪ್ಪೆ, ತುಸು ಒಗರು. ಬೋರ್‌ವೆಲ್ ನೀರು.

“ಅಕ್ಕ, ಉಪ್ಪೆಲ್ಲಿ?”

“ಚೀಲ ಹಂಗೇ ಐತೆ. ನೀರೇ ಉಪ್ಪು ನೀರು, ಅದಕ್ಕೆ ಮತ್ತೆ ಉಪ್ಪು ಯಾಕೆ ಅಂತ ಹಾಕ್ಲಿಲ್ಲ.”

ನನಗೆ ಆಗ ಹೊಳೆಯಿತು. ನಮ್ಮ ಸೀಮೆಯಲ್ಲಿ ಉಪ್ಪು ನೀರು ಎಂದರೆ ಬೋರಿನ ಗಡಸು ನೀರು, ಬಟ್ಟೆ ಒಗೆಯಲು. ಸಿಹಿ ನೀರು ಎಂದರೆ ಕುಡಿಯಲು. ನಲವತ್ತು ವರ್ಷ ಇದೇ ಮಾತು ಆಡಿಕೊಂಡು ಬೆಳೆದವಳು ನಾನು. ತಪ್ಪು ನನ್ನದೇ. ಆದರೆ ತಪ್ಪು ತನ್ನದೆಂದು ಗೊತ್ತಾದವರಿಗೇ ಸಿಟ್ಟು ಜಾಸ್ತಿ ಬರುವುದು. “ಅಮ್ಮನ್ನ ನೋಡೋಕೇ ಬರದೇ ಇದ್ದೋಳು, ಮೀನನ್ನೇನು ನೋಡ್ಕೋತೀಯ” ಎಂದುಬಿಟ್ಟೆ.

ಅಕ್ಕ ಸೀದಾ ಒಳಗೆ ಹೋದಳು. ಆಡಿದ ಕ್ಷಣವೇ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು. ಅವಳು ತಾಮ್ರದ ಹಂಡೆಯೊಂದನ್ನು ಉರುಳಿಸಿಕೊಂಡು ತಿರುಗಿ ಬಂದಳು.

“ಇದ್ರಲ್ಲಿ ಕಲಸು. ತಾಮ್ರ ಒಳ್ಳೇದು.”

“ನಮಗೆ ಒಳ್ಳೇದು. ಇವಕ್ಕೆ ವಿಷ ಕಣಕ್ಕ” ಎಂದೆ, ಈ ಸಲ ಮೆಲ್ಲಗೆ. “ಪ್ಲಾಸ್ಟಿಕ್ಕೇ ಆಗ್ಬೇಕು. ಮತ್ತೆ ಉಪ್ಪು ನೀರಿಗೆ ಬೇಕಾಗಿರೋದು ಸಿಹಿ ನೀರು.”

ಅಕ್ಕ ನನ್ನ ಮುಖವನ್ನೇ ನೋಡಿದಳು. “ಮೊದ್ಲೇ ಹಂಗೆ ಹೇಳೋಕೇನಾಗಿತ್ತು ನಿಂಗೆ?” ಎಂದಳು. ಡ್ರಮ್ಮುಗಳನ್ನು ಅಂಗಳಕ್ಕೆ ಬಗ್ಗಿಸಿ, ಸೆರಗು ಸಿಕ್ಕಿಸಿ, ಬೀದಿಕೊನೆಯ ಶುದ್ಧ ನೀರಿನ ಘಟಕದ ಸಾಲಿನಲ್ಲಿ ನಿಂತಳು. ಮೊಣಕಾಲು ನೋವಿನವಳು. ಕ್ಯಾನು ಹೊತ್ತು ಎಷ್ಟು ಸಲ ಓಡಾಡಿದಳೋ. ಒಂದಕ್ಕೂ ನನ್ನನ್ನು ಕರೆಯಲಿಲ್ಲ.

ಸಂಜೆಗೆ ಉಪ್ಪು ಕಲಸಿ ಪಂಪ್ ಹಾಕಿದೆವು. ಆ ನೀರು ತಿಳಿಯಾಗಲು ಒಂದು ದಿನ ಬೇಕು. ಅಲ್ಲಿಯವರೆಗೆ ಮೀನುಗಳನ್ನು ಅರ್ಧ ತೊಟ್ಟಿಯ ಹಳೆಯ ನೀರಿಗೇ ಬಿಟ್ಟು, ದೀಪ ಆರಿಸಿದೆ. ಎರಡೂ ಕಲ್ಲಿನ ಸಂದಿ ಸೇರಿದವು. ಮರುದಿನ ಕಾಳು ಹಾಕಿದೆ, ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಹೊಸ ನೀರು ತಿಳಿಯಾಗಿತ್ತು, ತೇಲುಗಡ್ಡಿ ಸರಿಯಾದ ಗೆರೆಯಲ್ಲಿ ನಿಂತಿತ್ತು. ಆದರೂ ಒಮ್ಮೆಲೇ ಸುರಿಯುವಂತಿಲ್ಲ, ಬದಲಾವಣೆ ಮೀನಿಗೆ ತಡೆಯದು. ಹನಿ ಬಿಡುವ ಸಣ್ಣ ಕೊಳವೆ ಸಾಗಾಟದಲ್ಲಿ ಎಲ್ಲೋ ಕಳೆದಿತ್ತು. “ನಾನು ಹಾಕ್ತೀನಿ” ಎಂದು ಅಕ್ಕ ಪ್ಲಾಸ್ಟಿಕ್ ಲೋಟ ಹಿಡಿದು ಕೂತಳು, ಹತ್ತು ನಿಮಿಷಕ್ಕೊಂದು ಲೋಟದಂತೆ. ಅಂದು ಅವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ನಾನು ಎದುರು ಗೋಡೆಗೆ ಒರಗಿ ಕೂತಿದ್ದೆ. ಕಿಟಕಿಯ ಬೆಳಕು ತೊಟ್ಟಿಯೊಳಗಿಂದ ಹಾಯ್ದು ಹಜಾರದ ಛಾವಣಿಯಲ್ಲಿ ಅಲೆಯಾಗಿ ಆಡುತ್ತಿತ್ತು. ಮಗ್ಗುಲಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಎನ್ನಿಸುವಂಥ ಮಧ್ಯಾಹ್ನ. ಕ್ಷಮಿಸು ಎನ್ನಲು ಬಾಯಿ ಬರುತ್ತಿರಲಿಲ್ಲ.

ಅಕ್ಕ ಲೋಟ ಬಗ್ಗಿಸಿದಳು. ಬಳೆ ತೊಟ್ಟಿಯ ಅಂಚಿಗೆ ತಾಗಿತು. ಕಿಣಿಕಿಣಿ.

ಕಲ್ಲಿನ ಸಂದಿಯಿಂದ ಮೊದಲು ಒಂದು ಬಂತು, ಹಿಂದೆಯೇ ಇನ್ನೊಂದು. ಸೀದಾ ಮೇಲಕ್ಕೆ, ಅವಳ ಕೈಯ ಕೆಳಕ್ಕೆ. ಬಾಯಿ ತೆರೆದು ನಿಂತವು. ಅಕ್ಕ ಬೆಚ್ಚಿ ಕೈ ಹಿಂದಕ್ಕೆಳೆದಳು. “ಅಯ್ಯೋ, ಬಳೆ ತಾಗಿಸ್ಬಿಟ್ಟೆ ಕಣೇ, ಹೆದರ್ಕೊಂಡ್ವಾ?” ಎಂದಳು.

ತೊಟ್ಟಿಯ ಅಂಚಿನಲ್ಲಿ ಅಮ್ಮನ ಬಳೆ ಮಾಡುತ್ತಿದ್ದ ಸದ್ದು ಅವಳಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಕೇಳಿಯೇ ಇರಲಿಲ್ಲ. ನಾನು ಎದ್ದು ಹೋದೆ. ಕಾಳಿನ ಡಬ್ಬಿಯನ್ನು ಅವಳ ಕೈಗಿಟ್ಟೆ.

“ಕಾಳು ಹಾಕಕ್ಕ. ನಿನ್ನನ್ನೇ ಕಾಯ್ತಾ ಇವೆ.”